ಬುಲೆಟ್ ಕಾರ್ಬುರೇಟರ್ ಕಿಟ್: ತಗೊಳ್ಳಿ, ಆದರೆ ಮೊದಲು ಚೋಕ್ ಬಿಚ್ಚಿ ನೋಡಿ

ನಮ್ಮಪ್ಪನ ಕಾಲದ 1998ರ ಬುಲೆಟ್ 350 ಈ ಮಳೆಗಾಲದಲ್ಲಿ ಪೆಟ್ರೋಲ್ ಕುಡಿಯಲು ಶುರುಮಾಡಿತು. ಲೀಟರಿಗೆ 34 ಕೊಡುತ್ತಿದ್ದದ್ದು 23ಕ್ಕೆ ಇಳಿಯಿತು. ಸೈಲೆನ್ಸರಿನಲ್ಲಿ ಕರಿ ಹೊಗೆ, ಪ್ಲಗ್ ಬಿಚ್ಚಿದರೆ ಸೌದೆ ಒಲೆಯ ಪಾತ್ರೆ ತಳದ ಹಾಗೆ ಒಣ ಮಸಿ. ಬೆಳಗಿನ ಚಳಿಯಲ್ಲೂ ಚೋಕ್ (ತಣ್ಣಗಿರುವ ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಲಿವರ್) ಇಲ್ಲದೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಕಾದ ಮೇಲೆ ಮಾತ್ರ ಸಿಗ್ನಲ್‌ನಲ್ಲಿ ನಿಂತರೆ ಮುಗ್ಗರಿಸಿ ಆಫ್. ಒಬ್ಬ ಮೆಕ್ಯಾನಿಕ್ ಬೋರ್ ಮಾಡಿಸಿ, ಅಂದರೆ ಇಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಿ ಅಂದುಬಿಟ್ಟರು. ನನಗೆ ಮನಸ್ಸು ಒಪ್ಪಲಿಲ್ಲ, ಇಂಜಿನ್ ಸದ್ದು ಶುದ್ಧವಾಗಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈ ಗಾಡಿಯ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಮಿಕ್‌ಕಾರ್ಬ್ ವಿಎಂ24ಕ್ಕೆ ಅಂತ ಕೇಳಿ 320 ರೂಪಾಯಿಗೆ ಒಂದು ರಿಪೇರಿ ಕಿಟ್ ತಂದೆ. ಫ್ಲೋಟ್ ನೀಡಲ್, ಅದರ ಸೀಟು, ಎರಡು ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು), ಏರ್ ಸ್ಕ್ರೂ, ಬೌಲ್ (ಕಾರ್ಬುರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಗ್ಯಾಸ್ಕೆಟ್, ಒಂದೆರಡು ಓ-ರಿಂಗ್. ಗ್ಯಾಸ್ಕೆಟ್ ಮತ್ತು ಫ್ಲೋಟ್ ನೀಡಲ್ ಚೆನ್ನಾಗಿವೆ, ಕೂರಿಸಿದ ಮೇಲೆ ಒಂದು ಹನಿಯೂ ಸೋರಿಲ್ಲ. ಜೆಟ್‌ಗಳನ್ನು ಮಾತ್ರ ನಾನು ಹಾಕಲಿಲ್ಲ. ಅವುಗಳ ಮೇಲೆ ನಂಬರೇ ಇಲ್ಲ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಜಾಸ್ತಿಯಾಗುತ್ತದೆ, ಗೊತ್ತಿಲ್ಲದ ಅಳತೆಯನ್ನು ಇಂಜಿನ್ನಿಗೆ ಹಾಕುವುದು ಹೇಗೆ? ಹಳೆಯವನ್ನೇ ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆಸಿ ಹಾಕಿದೆ. ದಯವಿಟ್ಟು ಸ್ಟೀಲ್ ತಂತಿ ತೂರಿಸಿ ಜೆಟ್ ಕ್ಲೀನ್ ಮಾಡಬೇಡಿ, ಹಿತ್ತಾಳೆ ಸವೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಹೊಗೆ ನಿಲ್ಲಲಿಲ್ಲ. ಏರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ಬಿಟ್ಟೆ. ಆಮೇಲೆ ಎರಡು, ಮೂರು ಸುತ್ತು. ಹೊರಗೆ ಬಿಟ್ಟಷ್ಟೂ ಗಾಳಿ ಜಾಸ್ತಿ ಸಿಗಬೇಕು, ಆದರೆ ಸದ್ದಿನಲ್ಲಿ ಒಂದಿಷ್ಟೂ ಬದಲಾವಣೆ ಇಲ್ಲ. ಅಂದರೆ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ ಅಂತ ಆಗ ಹೊಳೆಯಿತು. ಚೋಕ್‌ಗೆ ಈ ಕಾರ್ಬುರೇಟರಿನಲ್ಲಿ ಬೌಲಿನಿಂದಲೇ ಪ್ರತ್ಯೇಕ ದಾರಿ ಇದೆ, ಅದಕ್ಕೂ ಏರ್ ಸ್ಕ್ರೂಗೂ ಸಂಬಂಧವಿಲ್ಲ. ಗಾಡಿ ಓಡುತ್ತಿರುವಾಗಲೇ ಚೋಕ್ ಲಿವರ್ ಅನ್ನು ಬಂದ್ ಕಡೆಗೆ ಬೆರಳಲ್ಲಿ ಬಿಗಿಯಾಗಿ ಒತ್ತಿ ಹಿಡಿದೆ. ಐಡ್ಲಿಂಗ್ ತಕ್ಷಣ ಏರಿತು!

ಬಿಚ್ಚಿದರೆ ಕಿರುಬೆರಳ ತುದಿಯಷ್ಟು ದಪ್ಪದ ಹಿತ್ತಾಳೆ ಪ್ಲಂಜರ್. ಅದರ ತಳದ ರಬ್ಬರ್ ಕಲ್ಲಾಗಿತ್ತು, ನಡುವೆ ಉಂಗುರದಂಥ ಆಳವಾದ ಗುರುತು, ಒಂದು ಕಡೆ ಚೂರು ಎದ್ದುಹೋಗಿತ್ತು. ಎಷ್ಟೋ ವರ್ಷ ಒತ್ತಿ ಒತ್ತಿ ಅದು ದಾರಿ ಮುಚ್ಚುವುದನ್ನೇ ನಿಲ್ಲಿಸಿತ್ತು.

ಕಿಟ್ ಬಗ್ಗೆ ನನ್ನ ದೊಡ್ಡ ತಕರಾರು ಇದೇ: ಈ ಪ್ಲಂಜರ್ ಅದರಲ್ಲಿ ಇಲ್ಲವೇ ಇಲ್ಲ. ಬಿಡಿಯಾಗಿ 90 ರೂಪಾಯಿ ಕೊಟ್ಟೆ. ಹಳೆಯದನ್ನು ಅಂಗಡಿಗೆ ಒಯ್ದು ಪಕ್ಕಪಕ್ಕ ಇಟ್ಟು ಉದ್ದ ನೋಡಿ ತಗೊಳ್ಳಿ. ನಿಮ್ಮದು ಬೌಲ್ ಸೋರುವ ಗಾಡಿಯಾದರೆ ಕಿಟ್ಟಿನ ದುಡ್ಡು ಖಂಡಿತ ವಸೂಲಿ. ಸೋರಿಕೆ ಇಲ್ಲದೆ ಬರೀ ಮಸಿ ಅಂದರೆ ಮೊದಲು ಏರ್ ಫಿಲ್ಟರ್, ಆಮೇಲೆ ಚೋಕ್; ಕಿಟ್ ಅದರ ನಂತರ.

ಈಗ ಏರ್ ಸ್ಕ್ರೂ ತಿರುಗಿಸಿದರೆ ಗಾಡಿ ಮಾತು ಕೇಳುತ್ತದೆ, ಒಂದೂಮುಕ್ಕಾಲು ಸುತ್ತಿಗೆ ನಿಲ್ಲಿಸಿದ್ದೇನೆ. ಮೂರು ಟ್ಯಾಂಕ್ ಪೆಟ್ರೋಲ್ ಆಯಿತು, 33 ಬರುತ್ತಿದೆ, ಪ್ಲಗ್ ಕಾಫಿಪುಡಿ ಬಣ್ಣಕ್ಕೆ ತಿರುಗಿದೆ. ಬೆಳಗ್ಗೆ ಸ್ಟಾರ್ಟ್ ಮಾಡಲು ಮತ್ತೆ ಚೋಕ್ ಬೇಕಾಗುತ್ತಿದೆ.