ಟಿಡಿಎಸ್ ಪೆನ್ನು: ಕೊಳ್ಳಬಹುದು, ಆದರೆ ಅದು ಹೇಳದ್ದನ್ನು ನಂಬಬೇಡಿ

ತುದಿಯಲ್ಲಿ ಎರಡು ಲೋಹದ ಕಡ್ಡಿ, ಮೈಮೇಲೆ ಮೂರು ಗುಂಡಿ, ಒಳಗೆ ಎರಡು ಬಟನ್ ಸೆಲ್ಲು. ನೀರಿನಲ್ಲಿ ಕರಗಿರುವ ಲವಣ ಮುಂತಾದವುಗಳ ಒಟ್ಟು ಪ್ರಮಾಣ (ಟಿಡಿಎಸ್) ತೋರಿಸುತ್ತದೆಂದು ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಟಿಡಿಎಸ್ ಪೆನ್ನು ಈಗ ಎಷ್ಟೋ ಮನೆಗಳಲ್ಲಿ ಥರ್ಮಾಮೀಟರಿನ ಪಕ್ಕ ಕೂತಿದೆ. ಉಪಕರಣಕ್ಕೆ ಒಳ್ಳೆಯ ಮಾರ್ಕ್ಸೇ ಕೊಡಬಹುದು. ತಕರಾರು ಇರುವುದು ಅದರ ಬಾಯಲ್ಲಿ ಬೇರೆ ಮಾತು ಆಡಿಸುವವರ ಮೇಲೆ.

ಈ ಪೆನ್ನು ಉಪ್ಪನ್ನೂ ಅಳೆಯುವುದಿಲ್ಲ, ವಿಷವನ್ನೂ ಅಳೆಯುವುದಿಲ್ಲ. ಎರಡು ಕಡ್ಡಿಗಳ ನಡುವೆ ನೀರಿನಲ್ಲಿ ಕರೆಂಟು ಎಷ್ಟು ಸರಾಗವಾಗಿ ಹರಿಯಿತು ಎಂದು ನೋಡಿ, ಆ ವಾಹಕತೆಯನ್ನು 0.5 ಅಥವಾ 0.7ರಂಥ ಒಂದು ಅಂಕಿಯಿಂದ ಗುಣಿಸಿ ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಎಂದು ತೋರಿಸುತ್ತದೆ. ಒಂದೇ ಲೋಟಕ್ಕೆ ಎರಡು ಕಂಪನಿಯ ಪೆನ್ನು 300, 420 ಎಂದರೆ ಎರಡೂ ಕೆಟ್ಟಿವೆ ಎಂದಲ್ಲ, ಗುಣಿಸುವ ಅಂಕಿ ಬೇರೆ. ನೀರು ಒಂದು ಡಿಗ್ರಿ ಬಿಸಿಯಾದರೆ ವಾಹಕತೆ ಸುಮಾರು ಶೇ. 2ರಷ್ಟು ಏರುತ್ತದೆ. ಅದಕ್ಕೇ ಡಬ್ಬದ ಮೇಲೆ 'ಎಟಿಸಿ' (ತಾಪಮಾನ ಸರಿದೂಗಿಸುವ ವ್ಯವಸ್ಥೆ) ಎಂದು ಬರೆದಿರುವುದನ್ನೇ ಕೊಳ್ಳಿ.

ಪೆನ್ನು ಸರಿ ಇದೆಯೋ ನೋಡಲು ಅಡುಗೆ ಉಪ್ಪು ಸಾಕು. ಮನೆಯ ತಕ್ಕಡಿ ಒಂದು ಗ್ರಾಂ ಸರಿಯಾಗಿ ತೂಗುವುದಿಲ್ಲ. ಹಾಗಾಗಿ 10 ಗ್ರಾಂ ಉಪ್ಪನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ 1 ಲೀಟರ್ ಮಾಡಿ, ಅದರಲ್ಲಿ 100 ಮಿಲಿ ತೆಗೆದು ಮತ್ತೆ ಡಿಸ್ಟಿಲ್ಡ್ ವಾಟರ್ ಸೇರಿಸಿ 1 ಲೀಟರ್ ಮಾಡಿ. 0.5ರ ಪೆನ್ನು ಇದಕ್ಕೆ ಸಾವಿರದ ಆಸುಪಾಸು ತೋರಿಸಬೇಕು, 0.7ರದು ಸಾವಿರದ ನಾನೂರರ ಆಸುಪಾಸು. ಅದ್ದಿದ ಮೇಲೆ ಒಮ್ಮೆ ಲೋಟಕ್ಕೆ ತಟ್ಟಿ, ಕಡ್ಡಿಗೆ ಅಂಟಿದ ಗಾಳಿಗುಳ್ಳೆ ಹೋಗಲಿ. ಅರ್ಧ ನಿಮಿಷ ಬಿಟ್ಟು ಓದಿ. ಬಹಳ ಜನ ಎಡವುವುದು ಓದುವಾಗಲೇ. 999 ದಾಟಿದ ಕೂಡಲೇ ಪರದೆಯ ಮೂಲೆಯಲ್ಲಿ ಸಣ್ಣದಾಗಿ '×10' ಮೂಡುತ್ತದೆ. ಅದನ್ನು ಕಾಣದೆ, 1,200 ಇರುವ ಬೋರ್ ನೀರನ್ನು '120, ಕಾವೇರಿಗಿಂತ ಚೆನ್ನಾಗಿದೆ' ಎಂದು ಕುಡಿಯುವವರಿದ್ದಾರೆ.

ಇನ್ನು ಅದು ಹೇಳದ ಸಂಗತಿ. ಲೋಟ ನೀರಿಗೆ ಎರಡು ಚಮಚ ಸಕ್ಕರೆ ಕದಡಿ ಅದ್ದಿ ನೋಡಿ, ಅಂಕಿ ಏರುವುದಿಲ್ಲ. ಚಿಟಿಕೆ ಉಪ್ಪು ಹಾಕಿ, ನೂರಾರು ಜಿಗಿಯುತ್ತದೆ. ಎಳನೀರಿಗೆ ಅದ್ದಿದರೆ ಪೊಟ್ಯಾಶಿಯಂ ದೆಸೆಯಿಂದ ಸಾವಿರ ದಾಟುತ್ತದೆ. ಹಾಗಂತ ಎಳನೀರು ಬಿಟ್ಟವರುಂಟೆ? ಕೀಟನಾಶಕ, ಕ್ರಿಮಿ ಇವೆಲ್ಲ ಸಕ್ಕರೆಯ ಹಾಗೆ ಕಣ್ತಪ್ಪಿಸುತ್ತವೆ. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಪೆನ್ನಿನ ಅತಿ ಸಣ್ಣ ಮೆಟ್ಟಿಲೇ ಅದರ ನೂರು ಪಟ್ಟು. ಫ್ಲೋರೈಡ್ 1.5 ದಾಟಿದರೆ ಹಲ್ಲು ಮೂಳೆಗೆ ಕೇಡು. ಆದರೆ 600 ತೋರುವ ನೀರಿನಲ್ಲಿ ಪೆನ್ನಿನ ತಪ್ಪಳತೆ ಶೇ. 2 ಎಂದುಕೊಂಡರೂ 12 ಪಿಪಿಎಂ, ಒಂದೂವರೆ ಎಲ್ಲಿ ಕಂಡೀತು?

ಈ ಅಂಕಿಯ ಜೊತೆ ಮನೆ ಬಾಗಿಲಿಗೆ ಬರುವುದು ಆರ್‌ಒ ಮಾರುವವರ ಪ್ರದರ್ಶನ. ನಿಮ್ಮ ನಲ್ಲಿ ನೀರು ಒಂದು ಲೋಟ, ಅವರ ಫಿಲ್ಟರ್ ನೀರು ಒಂದು ಲೋಟ. ಕಬ್ಬಿಣ ಮತ್ತು ಅಲ್ಯುಮಿನಿಯಂ ಕಡ್ಡಿಗಳ ಒಂದು ಸಾಧನವನ್ನು ಎರಡಕ್ಕೂ ಇಳಿಬಿಟ್ಟು ಪ್ಲಗ್ ಹಾಕುತ್ತಾರೆ. ನಿಮ್ಮ ಲೋಟದಲ್ಲಿ ಕಂದು, ಹಸಿರುಗಪ್ಪು ಕೆಸರು ಏಳುತ್ತದೆ, ಅವರದು ತಿಳಿಯಾಗಿರುತ್ತದೆ. ಆ ಕೆಸರು ನೀರಿನದಲ್ಲ, ಕಡ್ಡಿಯದು. ಲವಣವಿರುವ ನೀರಿನಲ್ಲಿ ಕರೆಂಟು ಹರಿದು ಕಬ್ಬಿಣ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಕರೆಂಟು ಅಷ್ಟಾಗಿ ಹರಿಯದು. ಅವರ ಲೋಟಕ್ಕೂ ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಮಾಡಿ ಎನ್ನಿ, ಅದೂ ಕೆಸರಾಗುತ್ತದೆ. ನೀವಾಗಿ ಆ ಸಾಧನ ಮುಟ್ಟಬೇಡಿ, ಗೋಡೆಯ ಕರೆಂಟು ನೇರವಾಗಿ ನೀರಿಗೆ ಇಳಿದಿರುತ್ತದೆ. ಕಣ್ಣೆದುರು ಕಂಡದ್ದು ಎಂಬ ಕಾರಣಕ್ಕೆ ಇದನ್ನು ನಂಬುವ ಮನೆಯವರು, ಪ್ರಯೋಗಾಲಯದ ವರದಿ ತೋರಿಸಿದರೆ 'ಯಾರು ಬರೆದದ್ದೋ' ಎನ್ನುತ್ತಾರೆ!

'ನೂರು ದಾಟಿದರೆ ಕುಡಿಯಬಾರದು' ಎಂಬುದೂ ಮಾರಾಟದ ಮಾತೇ. ಐಎಸ್ 10500 ಎಂಬ ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್‌ಗೆ ಒಪ್ಪಿತ ಮಿತಿ 500, ಬೇರೆ ನೀರೇ ಇಲ್ಲದ ಕಡೆ 2,000. ಐನೂರರೊಳಗಿನ ನೀರಿಗೆ ಆರ್‌ಒ ನಿಷೇಧಿಸಿ ಎಂದು ಹಸಿರು ನ್ಯಾಯಮಂಡಳಿ 2019ರಲ್ಲಿ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು.

ಹಾಗಾದರೆ ಪೆನ್ನು ಯಾತಕ್ಕೆ? ಮನೆಯಲ್ಲಿ ಈಗಾಗಲೇ ಆರ್‌ಒ ಇದ್ದರೆ ಅದರ ಮೇಲೆ ಕಾವಲಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ಬರುವ ನೀರು 900, ಹೊರಡುವುದು 80 ಆದರೆ ಶೇ. 91 ತಡೆದಿದೆ, ಮೆಂಬ್ರೇನ್ (ಲವಣ ಸೋಸುವ ಪೊರೆ) ಚೆನ್ನಾಗಿದೆ. ತಿಂಗಳಿಗೊಮ್ಮೆ ಬರೆದಿಡಿ. ಶೇ. 80ಕ್ಕಿಂತ ಕೆಳಗಿಳಿದರೆ ಮೆಂಬ್ರೇನೋ ಅದರ ಓ-ರಿಂಗೋ ನೋಡಿಸಿ. ರಾತ್ರಿಯೆಲ್ಲ ನಿಂತ ಮೆಷಿನ್ನಿನ ಮೊದಲ ನೀರು ಯಾವಾಗಲೂ ಹೆಚ್ಚು ತೋರಿಸುತ್ತದೆ, ಎರಡು ನಿಮಿಷ ಹರಿಯಬಿಟ್ಟು ಅಳೆಯಿರಿ. 'ಟಿಡಿಎಸ್ ಕಂಟ್ರೋಲರ್' ತಿರುಪನ್ನು ತಿರುಗಿಸಿದರೂ ಅಂಕಿ ಏರುತ್ತದೆ. ಅದು ಖನಿಜ ಸೇರಿಸುವ ಯಂತ್ರವಲ್ಲ, ಆರ್‌ಒ ದಾಟದ ಕಚ್ಚಾ ನೀರನ್ನು ಬೆರೆಸುವ ಬೈಪಾಸು. ಪಾವಗಡ, ಕೋಲಾರ, ಮುಂಡರಗಿಯ ಕಡೆಯ ಬೋರ್ ನೀರಿಗೆ ಅದನ್ನು ತೆರೆದರೆ ಸೋಸಿದ ಫ್ಲೋರೈಡ್ ತಿರುಗಿ ಲೋಟಕ್ಕೇ ಬರುತ್ತದೆ, ರುಚಿ ಚೆನ್ನಾಯಿತೆಂದು ಸಂತೋಷ ಬೇರೆ.

ಫ್ಲೋರೈಡ್, ನೈಟ್ರೇಟ್ ತಿಳಿಯಬೇಕಾದರೆ ಜಲ ಜೀವನ್ ಮಿಷನ್ನಿನ ಫೀಲ್ಡ್ ಟೆಸ್ಟ್ ಕಿಟ್ ಮೊದಲ ಹೆಜ್ಜೆ. ಊರಿಗೆ ಐದು ಮಂದಿ ಹೆಂಗಸರಿಗೆ ಅದರ ತರಬೇತಿ ಕೊಡುವ ಯೋಜನೆ ಅದು, ಪಂಚಾಯ್ತಿಯಲ್ಲಿ ವಿಚಾರಿಸಿ. ಕಿಟ್ಟಿನಲ್ಲಿ ನೀರಿಗೆ ಬಂದ ಬಣ್ಣ, ಜೊತೆಗಿರುವ ಕಾರ್ಡಿನ ಮಿತಿಯ ಬಣ್ಣದ ಹತ್ತಿರ ಬಂದರೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ. ಕ್ರಿಮಿಗೆ ಎಚ್‌2ಎಸ್ ಬಾಟಲಿ ಇದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿರುವ ಕಡೆ ಇಡಿ, 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಕೊಳಚೆ ಸೇರಿದೆ ಎಂದು ಲೆಕ್ಕ, ಕುದಿಸದೆ ಕುಡಿಯುವಂತಿಲ್ಲ. ಕುದಿಸಿ ಆರಿಸಿದ ಮೇಲೆ ಅದೇ ನೀರಿಗೆ ಪೆನ್ನು ಅದ್ದಿದರೆ ಅಂಕಿ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ.