ಮಿಂಟ್ ಹಾಕಲೋ, ಫೆಡೋರಾ ಹಾಕಲೋ?

ಎರಡೂ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳು. ಎರಡನ್ನೂ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ವೈಫೈ ಸಿಗುತ್ತದಾ, ಸೌಂಡ್ ಬರುತ್ತದಾ ಅಲ್ಲೇ ಗೊತ್ತಾಗುತ್ತದೆ. ದುಡ್ಡಿನ ಮಾತಿಲ್ಲ, ಎರಡೂ ಉಚಿತ.

ವ್ಯತ್ಯಾಸ ಇರುವುದು ಆಮೇಲಿನ ನಿರ್ವಹಣೆಯಲ್ಲಿ. ಫೆಡೋರಾದ ಹೊಸ ಆವೃತ್ತಿ ಸುಮಾರು 6 ತಿಂಗಳಿಗೊಮ್ಮೆ. ಒಂದೊಂದಕ್ಕೂ ಅಪ್‌ಡೇಟ್ ಸಿಗುವುದು ಹೆಚ್ಚುಕಡಿಮೆ 13 ತಿಂಗಳು. ಅಂದರೆ ವರ್ಷಕ್ಕೊಮ್ಮೆಯಾದರೂ ದೊಡ್ಡ ಅಪ್‌ಗ್ರೇಡ್‌ಗೆ ಕೂರಲೇಬೇಕು. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ) ಆವೃತ್ತಿಯ ಮೇಲೆ ಕಟ್ಟಿರುವ ಮಿಂಟ್‌ನ ಒಂದು ಸರಣಿಗೆ ಸುಮಾರು 5 ವರ್ಷ ಆ ಗೊಡವೆಯಿಲ್ಲ. ಅಪ್‌ಡೇಟ್ ಕೈಕೊಟ್ಟರೆ ಅದರಲ್ಲಿರುವ ಟೈಮ್‌ಶಿಫ್ಟ್ ಎಂಬ ಸಾಧನ ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ತರುತ್ತದೆ, ಮೊದಲೇ ಸ್ನ್ಯಾಪ್‌ಶಾಟ್ (ಸಿಸ್ಟಮ್‌ನ ಆಗಿನ ಸ್ಥಿತಿಯ ಪ್ರತಿ) ತೆಗೆದಿಟ್ಟಿದ್ದರೆ! ನಾನೊಮ್ಮೆ ಸೋಮಾರಿತನದಿಂದ ತೆಗೆದಿರಲಿಲ್ಲ. ಕಪ್ಪು ಪರದೆ ನೋಡುತ್ತಲೇ ರಾತ್ರಿ ಕಳೆದೆ.

ಹಳೆಯ ಕಂಪ್ಯೂಟರ್, ಮನೆಮಂದಿಯೆಲ್ಲ ಬಳಸುವಂಥದ್ದು ಎಂದಾದರೆ ಮಿಂಟ್. ಹೊಚ್ಚಹೊಸ ಲ್ಯಾಪ್‌ಟಾಪ್ ಆದರೆ ಫೆಡೋರಾದ ಹೊಸ ಕರ್ನಲ್ (ಹಾರ್ಡ್‌ವೇರ್ ನಡೆಸುವ ಸಿಸ್ಟಮ್‌ನ ತಿರುಳು) ಬೇಗ ಹೊಂದಿಕೊಳ್ಳುತ್ತದೆ. ಅದರಲ್ಲಿ ಕೆಲವು ವಿಡಿಯೊಗಳಿಗೆ ಮಾತ್ರ ಕೋಡೆಕ್ (ವಿಡಿಯೊ ಓಡಿಸಲು ಬೇಕಾದ ತಂತ್ರಾಂಶ) ಬೇರೆಯಾಗಿ ಹಾಕಿಕೊಳ್ಳಬೇಕು.