ಪ್ಲೇಟು, ಎಲ್‌ಪಿ, ಕ್ಯಾಸೆಟ್: ನಮ್ಮ ಸೀಮೆಯ ಹಳೆಯ ದನಿಗಳನ್ನು ಯಾವುದರಲ್ಲಿ ಕೇಳಬೇಕು?

ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ, ಅವರ ಸೋದರಿ ಗೋಹರಬಾಯಿ, ಸುಳೇಭಾವಿಯ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವ, ಊರಾಚೆ ಹೆಸರೇ ಗೊತ್ತಿರದ ಗೀಗೀ ಮೇಳಗಳು. ಇವರೆಲ್ಲ ಒಂದೇ ಕಡೆ ಸಿಗುವುದಿಲ್ಲ. ಮೂರೂ ಬಗೆಯನ್ನು ಒಂದೇ ಆಂಪ್ಲಿಫೈಯರಿಗೆ, ಒಂದೇ ಸ್ಪೀಕರಿಗೆ ಜೋಡಿಸಿ ಕೇಳಿದರೆ ಯಾವ ದನಿಗೆ ಯಾವುದು ಒಗ್ಗುತ್ತದೆಂದು ತಿಳಿಯುತ್ತದೆ.

ಅಮೀರಬಾಯಿಗೆ ನಿಮಿಷಕ್ಕೆ 78 ಸುತ್ತು ತಿರುಗುವ 78ರ ಗ್ರಾಮಫೋನ್ ಪ್ಲೇಟೇ ಸೈ. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಅಷ್ಟರಲ್ಲೇ ಎಲ್ಲ ಹೇಳಿ ಮುಗಿಸುವ ಗಟ್ಟಿ ಕಂಠ ಅವರದು. ಕೆಡುವುದು ಹೆಚ್ಚಾಗಿ ವೇಗದಲ್ಲಿ. ಹಳೆಯ ಪ್ಲೇಟುಗಳೆಲ್ಲ ಕರಾರುವಾಕ್ಕಾಗಿ 78 ಸುತ್ತಿಗೆ ಕೊರೆದವಲ್ಲ. ನಿಮಿಷಕ್ಕೆ ನಾಲ್ಕೂವರೆ ಸುತ್ತು ಹೆಚ್ಚಾದರೆ ಇಡೀ ಹಾಡು ಅರ್ಧ ಸ್ವರ ಮೇಲೇರುತ್ತದೆ: ಹಾರ್ಮೋನಿಯಂ ಪೇಟಿಯಲ್ಲಿ ಕರಿ ಒಂದರ ಮನೆ ಹೋಗಿ ಬಿಳಿ ಎರಡಾಗುತ್ತದೆ. ಕುಮಾರರು ಬಾಲಕರಾಗಿ ಹಾಡಿದ ಪ್ಲೇಟುಗಳಲ್ಲಿ ಇದು ದೊಡ್ಡ ಮೋಸ. ಮೊದಲೇ ಎಳೆಯ ದನಿ, ಇನ್ನೂ ಎಳೆಯದಾಗಿ ಕೇಳುತ್ತದೆ. ಎದುರಿಗೆ ಪೇಟಿ ಇಟ್ಟುಕೊಂಡು ಹಿಮ್ಮೇಳದ ಪೇಟಿಯ ಷಡ್ಜ ಹಿಡಿದು ನೋಡಿ. ಅದು ಎರಡು ಮನೆಗಳ ನಡುವೆ ಬಿದ್ದರೆ ವೇಗ ತಪ್ಪಿರುವ ಸಂಶಯವಿದೆ. ಆಗಿನ ಪೇಟಿಗಳ ಶ್ರುತಿ ಇಂದಿನದಕ್ಕೆ ತುಸು ಹೊಂದದಿರಬಹುದು, ಆದ್ದರಿಂದ ಕಂಠದ ಸಹಜತೆಯನ್ನೂ ಕಿವಿಯಿಂದ ತೂಗಬೇಕು. ವೇಗ ಹೊಂದಿಸುವ ಗುಂಡಿಯಿಲ್ಲದ ಪ್ಲೇಯರು ಈ ಕೆಲಸಕ್ಕೆ ಬೇಡ.

ಮುಳ್ಳೂ ಬೇರೆಯೇ ಬೇಕು. 78ಕ್ಕೆ 3 ಮಿಲ್ (ಒಂದು ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ), ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿಗೆ 0.7 ಮಿಲ್. ಎಲ್‌ಪಿಯ ಮುಳ್ಳು 78ರ ಗೆರೆಯ ತಳಕ್ಕಿಳಿದು ಅಲ್ಲಿನ ಕಸವನ್ನೆಲ್ಲ ನುಡಿಸುತ್ತದೆ. ಕೀ ಕೊಡುವ ಗ್ರಾಮಫೋನಾದರೆ ಒಂದು ಮಗ್ಗುಲಿಗೆ ಒಂದು ಉಕ್ಕಿನ ಮುಳ್ಳು, ಮುಗಿದ ಕೂಡಲೇ ಬಿಸಾಡಬೇಕು. ಇನ್ನು ತೊಳೆಯುವಾಗ ಸ್ಪಿರಿಟ್ ಮುಟ್ಟಿಸಲೇಬೇಡಿ: ಈ ಪ್ಲೇಟು ಅರಗಿನದು, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಟ್ಟಿ ಇಳಿಸಿದ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ಸೋಪಿನ ಎರಡು ಹನಿ ಸಾಕು. ನಡುವಿನ ಲೇಬಲ್ ನೆನೆಯಬಾರದು.

ಬೆಳೆದ ಕುಮಾರರಿಗೆ ಎಲ್‌ಪಿಗೆ ಸಾಟಿಯಿಲ್ಲ. 1947ರ ಸುಮಾರಿಗೆ ಕ್ಷಯ ತಗುಲಿ, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಕಳೆದ ಮೇಲೆ ಬಂದ ಗಾಯನವದು. ಚಿಕ್ಕ ತುಣುಕು, ನಡುವೆ ಮೌನ, ಥಟ್ಟನೆ ಮೇಲಕ್ಕೆ ಹಾರುವ ಸ್ವರ. ಆ ಮೌನ 78ರ ಸರಸರ ಸದ್ದಿನಲ್ಲಿ ಮುಳುಗುತ್ತಿತ್ತು. ಎಲ್‌ಪಿಯ ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಸಿಗುವುದರಿಂದ ರಾಗ ಉಸಿರಾಡುತ್ತದೆ. ನಡುವಿನ ತೂತು ಸರಿಯಾದ ಕೇಂದ್ರದಲ್ಲಿಲ್ಲದ ಪ್ರತಿಯಾದರೆ ಪ್ರತಿ 1.8 ಸೆಕೆಂಡಿಗೊಮ್ಮೆ ಸ್ವರ ತೂಗುತ್ತದೆ. ಇದನ್ನು ಹಿಡಿಯಲು ಪೇಟಿಯ ಉದ್ದನೆಯ ಸ್ವರವೇ ಒಳ್ಳೆಯ ಪರೀಕ್ಷೆ, ಏಕೆಂದರೆ ಪೇಟಿಯ ಸ್ವರ ತಾನಾಗಿ ಜಾರುವುದಿಲ್ಲ. ರಾಮಭಾವು ವಿಜಾಪುರೆಯವರು ಪೇಟಿ ಕಲಿಸಿದ ಬೆಳಗಾವಿಯ ಕಿವಿಗಳಿಗೆ ಈ ತೂಗಾಟ ಸಹಿಸಲಾಗದು. ವಿಜಯಪುರದ ಏಪ್ರಿಲ್ ಬಿಸಿಲಿಗೆ ಎಲ್‌ಪಿ ಸೊಟ್ಟಗಾಗುತ್ತದೆ. ಓರೆಯಾಗಿ ಒರಗಿಸದೆ ನೆಟ್ಟಗೆ ನಿಲ್ಲಿಸಿಡಿ.

ಗೀಗೀ ಪದ, ಚೌಡಕಿ ಪದ, ಕೃಷ್ಣ ಪಾರಿಜಾತ ಬಯಲಾಟದ ಮೇಳಗಳಿಗೆ ಬಂದರೆ ಆಯ್ಕೆಯ ಪ್ರಶ್ನೆಯೇ ಕಡಿಮೆ, ಹುಡುಕಬೇಕಾದ್ದು ಕ್ಯಾಸೆಟ್. ದನಿಯ ಗುಣದಲ್ಲಿ ಮೂರರಲ್ಲಿ ಇದೇ ಹಿಂದೆ. ರಾತ್ರಿಯಿಡೀ ನಡೆಯುವ ಪಾರಿಜಾತ ಮೂವತ್ತು ನಿಮಿಷಕ್ಕೊಮ್ಮೆ ತುಂಡಾಗುವುದೂ ಬೇಸರದ್ದೇ. ಆದರೂ ತುರ್ತಾಗಿ ಉಳಿಸಿಕೊಳ್ಳಬೇಕಾದ್ದು ಇದನ್ನೇ, ಏಕೆಂದರೆ ಇವುಗಳಲ್ಲಿ ಎಷ್ಟೋ ಮರುಮುದ್ರಣ ಕಂಡಿಲ್ಲ.

ದನಿ ಮಂಕಾಗಿದ್ದರೆ ಮೊದಲು ಟೇಪಿನ ಹಿಂದಿನ ಪುಟ್ಟ ಫೆಲ್ಟ್ ಪ್ಯಾಡ್ ನೋಡಿ. ಅಂಟು ಬಿಟ್ಟು ಉದುರಿದ್ದರೆ ಟೇಪಿನ ಸುರುಳಿಗಳನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಡಬ್ಬಿಗೆ ದಾಟಿಸಿ. ಪ್ಯಾಡ್ ಸರಿಯಿದ್ದೂ ತಾಳದ ಸದ್ದು ಮಂಕಾಗಿದ್ದರೆ ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ತಾಳ ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಬೆಳಗಾವಿಯ ಮಳೆಗಾಲ ಕಳೆದ ಮೇಲೆ ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಆ ಕ್ಯಾಸೆಟ್ ಹಾಕಲೇಬೇಡಿ; ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಒಳ್ಳೆಯದನ್ನು ಕಂಪ್ಯೂಟರಿಗೆ ಇಳಿಸುವಾಗ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಅತಿ ಜೋರಾದ ಕಡೆಯೂ ದನಿಯ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಗೀಗೀ ಮೇಳದಲ್ಲಿ ಹಿಮ್ಮೇಳದವರು ‘ಗೀಯ ಗೀಯ’ ಎಂದು ಒಮ್ಮೆಲೇ ದನಿ ಎತ್ತಿದಾಗ ಮಟ್ಟ ಹಾರುತ್ತದೆ, ಆದ್ದರಿಂದ ಆ ಜಾಗವನ್ನೇ ಮೊದಲು ಹಾಕಿ ಮಟ್ಟ ಗೊತ್ತುಮಾಡಿ.